ಕೆಮ್ಮಿದರೆ ಮೂತ್ರ ಸೋರೋದಕ್ಕೆ ಆಪರೇಷನ್: ಹತ್ತು ವರ್ಷ ಕಳೆದ ಮೇಲೂ ನಿಲ್ಲುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 46 ವರ್ಷ, ಎರಡೂ ನಾರ್ಮಲ್ ಹೆರಿಗೆ. ಕೆಮ್ಮಿದರೆ, ಸೀನಿದರೆ, ತುಂಬಿದ ಬಕೆಟ್ ಎತ್ತಿದರೆ ಮೂತ್ರ ಸೋರುತ್ತೆ. ಪ್ಯಾಡ್ ಇಲ್ಲದೆ ಹೊರಗೆ ಹೋಗೋಕೆ ಧೈರ್ಯ ಬರಲ್ಲ. ಕೆಲವು ತಿಂಗಳು ಮೂತ್ರ ಹಿಡಿದಿಡೋ ಸ್ನಾಯುಗಳ ವ್ಯಾಯಾಮ ಮಾಡಿದೆ, ಕಮ್ಮಿ ಆಯ್ತು, ನಿಲ್ಲಲಿಲ್ಲ. ಈಗ ಟೇಪ್ ಹಾಕೋ ಆಪರೇಷನ್ ಮಾಡಿಸಿ ಅಂತಿದ್ದಾರೆ. ನಮ್ಮಕ್ಕ "ಹತ್ತು ವರ್ಷಕ್ಕೆ ಮತ್ತೆ ಶುರುವಾಗುತ್ತೆ, ಸುಮ್ನೆ ಕುಯ್ಸ್ಕೋಬೇಡ" ಅಂತಾಳೆ. ನಿಜಾನಾ?

ಉತ್ತರ: ನಿಮ್ಮಕ್ಕನ ಮಾತಲ್ಲಿ ಅರ್ಧ ಸತ್ಯ ಇದೆ ಅಮ್ಮಾ. ಸ್ವಲ್ಪ ವಿವರವಾಗಿ ಹೇಳ್ತೀನಿ.

ಕೆಮ್ಮಿದಾಗ ಹೊಟ್ಟೆಯ ಒತ್ತಡ ಮೂತ್ರಕೋಶದ ಮೇಲೆ ಬೀಳುತ್ತೆ. ಮೂತ್ರನಾಳಕ್ಕೆ ಕೆಳಗಿಂದ ಗಟ್ಟಿ ಆಸರೆ ಇದ್ದರೆ ಅದು ಮುಚ್ಚಿಕೊಂಡೇ ಇರುತ್ತೆ. ಹೆರಿಗೆ, ವಯಸ್ಸು, ತೂಕದಿಂದ ಆ ಆಸರೆ ಸಡಿಲಾದಾಗ ಸೋರುತ್ತೆ. ಟೇಪ್ ಅಂದರೆ ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಸಣ್ಣ ಬಲೆಪಟ್ಟಿ, ಈ ಬಲೆಗೇ ಮೆಶ್ ಅಂತಾರೆ. ಅದು ಮಾಡೋದು ಇಷ್ಟೇ, ನಾಳದ ಮಧ್ಯಭಾಗಕ್ಕೆ ಕೆಳಗಿಂದ ಆಸರೆ ಕೊಡೋದು. 1990ರ ದಶಕದಲ್ಲಿ ಬಂದ ಈ ವಿಧಾನವನ್ನು ನಾರ್ಡಿಕ್ ದೇಶಗಳಲ್ಲಿ 17 ವರ್ಷ ಹಿಂಬಾಲಿಸಿ ನೋಡಿದ್ದಾರೆ. ಶುರುವಲ್ಲಿ ಇದ್ದವರು ಬರೀ 90 ಜನ. ಕೊನೆಗೆ ಪರೀಕ್ಷೆಗೆ ಸಿಕ್ಕವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಕೆಮ್ಮಿಸಿ ನೋಡಿದಾಗ ಸೋರಲಿಲ್ಲ. ಹಾಗಾಗಿ ಹತ್ತು ವರ್ಷಕ್ಕೆ ಎಲ್ಲರದ್ದೂ ಕೆಟ್ಟುಹೋಗುತ್ತೆ ಅನ್ನೋದು ಸುಳ್ಳು.

ಆದರೆ "ವಾಸಿ" ಅಂದರೆ ಏನು ಅನ್ನೋದರ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತೆ. ಇದನ್ನ ದಯವಿಟ್ಟು ಗಮನವಿಟ್ಟು ಓದಿ. ಅಮೆರಿಕದಲ್ಲಿ ಟೇಪ್ ಅಲ್ಲದ ಎರಡು ಹಳೇ ಆಪರೇಷನ್‌ಗಳನ್ನ ಹೋಲಿಸಿದರು. ಒಂದು, ಹೊಟ್ಟೆಯಿಂದ ಹೊಲಿಗೆ ಹಾಕಿ ಮೇಲೆತ್ತೋ ಬರ್ಚ್. ಇನ್ನೊಂದು, ಹೊಟ್ಟೆಯ ಸ್ನಾಯು ಮೇಲಿನ ಪೊರೆಯಿಂದಲೇ ಪಟ್ಟಿ ತೆಗೆದು ಮಾಡೋ ಸ್ಲಿಂಗ್. ಮೂರು ದಿನದ ಡೈರಿಯಲ್ಲಿ ಒಂದೇ ಸಲ ಸೋರಿದ್ದರೂ ಅಂಥವರನ್ನ ವಾಸಿಯಾದವರ ಲೆಕ್ಕಕ್ಕೆ ಸೇರಿಸಲಿಲ್ಲ. ಐದು ವರ್ಷಕ್ಕೆ ಸ್ಲಿಂಗ್‌ನವರಲ್ಲಿ ಸುಮಾರು ಶೇ. 31, ಬರ್ಚ್‌ನವರಲ್ಲಿ ಶೇ. 24 ಮಾತ್ರ ಪಾಸ್. ಅದೇ ಹೆಂಗಸರನ್ನ "ನಿಮಗೆ ಸಮಾಧಾನ ಇದೆಯಾ?" ಅಂತ ಕೇಳಿದರೆ ಸ್ಲಿಂಗ್‌ನವರಲ್ಲಿ ಶೇ. 83, ಬರ್ಚ್‌ನವರಲ್ಲಿ ಶೇ. 73 ಜನ ಹೌದು ಅಂದರು. ಒಂದು ಹನಿಯೂ ಬರಬಾರದು ಅಂತ ಹೋದರೆ ನಿರಾಸೆ ಆಗಬಹುದು. ಪ್ಯಾಡ್ ಬಿಟ್ಟು ಓಡಾಡಬೇಕು ಅನ್ನೋದು ಆಸೆಯಾದರೆ ಬಹಳ ಜನಕ್ಕೆ ಅದು ಈಡೇರುತ್ತೆ, ವರ್ಷಗಟ್ಟಲೆ ಉಳಿಯುತ್ತೆ ಕೂಡ.

ಮತ್ತೆ ಸೋರೋಕೆ ಶುರುವಾಯ್ತು ಅಂತ ಬರೋರಲ್ಲಿ ಎಷ್ಟೋ ಜನಕ್ಕೆ ಟೇಪ್ ಸರಿಯಾಗೇ ಇರುತ್ತೆ. ಅವರಿಗೆ ಬಂದಿರೋದು ಬೇರೆ ತೊಂದರೆ: ಮೂತ್ರ ಬಂತು ಅನ್ನಿಸಿದ ಕೂಡಲೇ ಅವಸರ, ಬಾತ್‌ರೂಮ್ ಬಾಗಿಲು ತಲುಪೋ ಅಷ್ಟರಲ್ಲಿ ಸೋರೋದು. ಇದು ವಯಸ್ಸಿನಿಂದಲೂ ಬರಬಹುದು, ಆಪರೇಷನ್‌ನಿಂದಲೂ ಬರಬಹುದು. ಚಿಕಿತ್ಸೆ ಬೇರೆ, ಇನ್ನೊಂದು ಟೇಪ್ ಹಾಕಿದರೆ ಹೋಗಲ್ಲ.

ಇನ್ನೊಬ್ಬ ಸದಸ್ಯೆ: ಮೇಡಂ, ಈ ಮೆಶ್ ಟೇಪ್ ವಿದೇಶದಲ್ಲಿ ಬ್ಯಾನ್ ಆಗಿದೆಯಂತಲ್ಲ? ಭಯ ಆಗುತ್ತೆ.

ಉತ್ತರ: ಭಯಕ್ಕೆ ಕಾರಣ ಇದೆ, ಹಗುರವಾಗಿ ತಗೋಬೇಡಿ. ಇಂಗ್ಲೆಂಡ್‌ನಲ್ಲಿ 2018ರ ಜುಲೈನಲ್ಲಿ ಇದನ್ನ ತಡೆಹಿಡಿದರು. ಅಮೆರಿಕದಲ್ಲಿ 2019ರಲ್ಲಿ ಮಾರಾಟ ನಿಲ್ಲಿಸಿದ್ದು ಗರ್ಭಕೋಶ, ಮೂತ್ರಕೋಶ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕೋ ದೊಡ್ಡ ಮೆಶ್‌ಗೆ. ಸೋರಿಕೆಗೆ ಹಾಕೋ ಸಣ್ಣ ಟೇಪ್‌ಗೆ ಆ ಆದೇಶ ಅನ್ವಯಿಸಲ್ಲ.

ಇಂಗ್ಲೆಂಡ್‌ನ 95,057 ಹೆಂಗಸರ ದಾಖಲೆ ನೋಡಿದಾಗ, 9 ವರ್ಷದೊಳಗೆ ಟೇಪ್ ತೆಗೆಸಿಕೊಂಡವರು ಶೇ. 3.3, ಸೋರಿಕೆಗೆ ಮತ್ತೆ ಆಪರೇಷನ್ ಆದವರು ಶೇ. 4.5. ಸಂಖ್ಯೆ ಸಣ್ಣದು ಅನ್ನಿಸುತ್ತೆ. ಆದರೆ ನೋವು ಸಹಿಸಿಕೊಂಡು ಮನೆಯಲ್ಲೇ ಕೂತವರು ಇಂಥ ಲೆಕ್ಕದಲ್ಲಿ ಸಿಗಲ್ಲ, ಅವರ ಮಾತನ್ನ ಡಾಕ್ಟರ್‌ಗಳು ಎಷ್ಟೋ ವರ್ಷ ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನೋದೇ ನನಗೆ ಸಂಕಟ. ಟೇಪ್ ಸುತ್ತ ಮಾಂಸ ಬೆಳೆದುಕೊಳ್ಳುತ್ತೆ, ಪೂರ್ತಿ ತೆಗೆಯೋದು ಕಷ್ಟದ ಕೆಲಸ. ಅದಕ್ಕೇ ಒಪ್ಪೋ ಮೊದಲು ಕೇಳಿ: ಟೇಪ್ ಕಿಬ್ಬೊಟ್ಟೆ ಕಡೆ ಹೋಗುತ್ತಾ, ತೊಡೆಸಂದಿ ಕಡೆಗಾ? ಮೊದಲನೆಯದರಲ್ಲಿ ಹಾಕುವಾಗ ಮೂತ್ರಕೋಶಕ್ಕೆ ಚುಚ್ಚೋ ಸಂಭವ ಜಾಸ್ತಿ, ಎರಡನೆಯದರಲ್ಲಿ ತೊಡೆಸಂದಿ ನೋವು ಜಾಸ್ತಿ. ತೊಂದರೆ ಆದರೆ ತೆಗೆಯೋರು ಯಾರು ಅಂತಲೂ ಕೇಳಿ. ಮೆಶ್ ಬೇಡ ಅನ್ನೋ ಹಕ್ಕು ನಿಮಗಿದೆ. ಬರ್ಚ್, ಸ್ವಂತ ಪೊರೆಯ ಸ್ಲಿಂಗ್ ಈಗಲೂ ಮಾಡ್ತಾರೆ. ಬರ್ಚ್ ಆದವರಲ್ಲಿ ಮುಂದೆ ಯೋನಿಯ ಹಿಂಭಾಗ ಜಾರಬಹುದು, ಸ್ಲಿಂಗ್ ಆದವರಲ್ಲಿ ಕೆಲವರಿಗೆ ಮೂತ್ರ ಕಟ್ಟಿದ ಹಾಗಾಗುತ್ತೆ.

ಮೊದಲ ಸದಸ್ಯೆ: ಹಾಗಾದ್ರೆ ನಾನೇನ್ ಮಾಡ್ಲಿ ಮೇಡಂ?

ಉತ್ತರ: ವ್ಯಾಯಾಮವನ್ನ ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ಹೇಳಿಕೊಟ್ಟಿದ್ದಾ, ಇಲ್ಲಾ ವಿಡಿಯೋ ನೋಡಿ ಮಾಡಿದ್ದಾ? ವಿಡಿಯೋ ಆದರೆ ಸರಿಯಾದ ಸ್ನಾಯು ಹಿಡೀತಿದೀರಾ ಅಂತ ಒಮ್ಮೆ ನೋಡಿಸಿ, ಮೂರು ತಿಂಗಳು ಮತ್ತೆ ಮಾಡಿ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿದರೂ ಸೋರಿಕೆ ಕಮ್ಮಿಯಾಗುತ್ತೆ. ಆಮೇಲೂ ಪ್ಯಾಡ್ ಬೇಕೇ ಬೇಕು ಅಂತಾದರೆ ಆಪರೇಷನ್ ಮಾಡಿಸಿಕೊಳ್ಳೋದರಲ್ಲಿ ತಪ್ಪಿಲ್ಲ. ಮೂರು ದಿನ ಎಷ್ಟು ಕುಡಿದ್ರಿ, ಯಾವಾಗ ಹೋದ್ರಿ, ಏನು ಮಾಡುವಾಗ ಸೋರಿತು ಅಂತ ಬರೆದಿಟ್ಟು, ಆ ಹಾಳೆ ತಗೊಂಡು ಡಾಕ್ಟರ್ ಹತ್ರ ಹೋಗಿ.