ಲಾಟರಿಯನ್ನು ನಡೆಸುವವರು ಯಾರು, ಅದರ ಮೇಲೆ ಕಣ್ಣಿಡುವವರು ಯಾರು?

ಪ್ರಶ್ನೆ: ಸುಳ್ಯದ ಓದುಗ

ಕಾಸರಗೋಡಿಗೆ ಹೋದಾಗಲೆಲ್ಲ ಕೇರಳ ಸರ್ಕಾರದ ಲಾಟರಿ ಟಿಕೆಟ್‌ಗಳು ಬೀದಿಬೀದಿಯಲ್ಲಿ ಮಾರಾಟವಾಗುವುದನ್ನು ನೋಡುತ್ತೇನೆ. ನಮ್ಮಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಒಂದೇ ದೇಶದೊಳಗೆ ಇಷ್ಟು ವ್ಯತ್ಯಾಸ ಹೇಗೆ ಸಾಧ್ಯ? ಅಲ್ಲಿ ಕೊಂಡ ಟಿಕೆಟ್‌ಗೆ ಬಹುಮಾನ ಬಂದರೆ ಕರ್ನಾಟಕದವರು ಪಡೆಯಬಹುದೇ? ಸರ್ಕಾರವೇ ಟಿಕೆಟ್ ಮುದ್ರಿಸಿ, ಸರ್ಕಾರವೇ ಡ್ರಾ ನಡೆಸುವಾಗ ಅದನ್ನು ಪ್ರಶ್ನಿಸುವವರು ಯಾರು ಎಂಬುದು ನನ್ನ ನಿಜವಾದ ಚಿಂತೆ. ಹೊರದೇಶಗಳ ವ್ಯವಸ್ಥೆ ಬಲ್ಲವರೂ ದಯವಿಟ್ಟು ತಿಳಿಸಿ.

ಉತ್ತರ 1: ಮಂಗಳೂರಿನ ವಕೀಲ

ಸರ್ಕಾರಿ ಲಾಟರಿ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ; ಆದ್ದರಿಂದಲೇ 1998ರ ಲಾಟರಿ ನಿಯಂತ್ರಣ ಕಾಯ್ದೆಯನ್ನು ಸಂಸತ್ತು ರೂಪಿಸಿತು. ಟಿಕೆಟ್ ಮೇಲೆ ರಾಜ್ಯದ ಲಾಂಛನವಿರಬೇಕು, ಡ್ರಾವನ್ನು ರಾಜ್ಯ ಸರ್ಕಾರವೇ ತನ್ನ ಗಡಿಯೊಳಗೆ ನಡೆಸಬೇಕು, ಯಾವ ಲಾಟರಿಗೂ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಬಾರದು ಎಂದು ಅದು ವಿಧಿಸುತ್ತದೆ. ಕೇರಳವು ವಾರದ ಒಂದೊಂದು ದಿನಕ್ಕೆ ಒಂದೊಂದು ಹೆಸರಿನ ಲಾಟರಿ ನಡೆಸುವುದರಿಂದ ದಿನವೂ ಡ್ರಾ ಇದ್ದೇ ಇರುತ್ತದೆ. ಈ ಷರತ್ತು ಅಕ್ಷರದಲ್ಲಿ ಉಳಿದು ಆಶಯದಲ್ಲಿ ಸೋತಿದೆಯೆಂದು ನನ್ನ ಅಭಿಪ್ರಾಯ.

ಬೇರೆ ರಾಜ್ಯದ ಲಾಟರಿ ಮಾರಾಟವನ್ನು ತಡೆಯುವ ಅಧಿಕಾರ ರಾಜ್ಯಗಳಿಗಿದೆ. ಆದರೆ ತನ್ನದೇ ಲಾಟರಿ ನಡೆಸುತ್ತಾ ನೆರೆಯವರದನ್ನು ಮಾತ್ರ ನಿಷೇಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಸ್ಪಷ್ಟಪಡಿಸಿತು. ಕೇರಳದಲ್ಲೇ ಕೊಂಡ ಟಿಕೆಟ್‌ನ ಬಹುಮಾನ ಪಡೆಯಲು ಹೊರರಾಜ್ಯದವರಿಗೆ ಅಡ್ಡಿಯಿಲ್ಲ. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಕರ್ನಾಟಕದವರೊಬ್ಬರಿಗೇ ಒಲಿಯಿತು. ಬಹುಮಾನದ ಮೇಲೆ ಶೇ 30ರಷ್ಟು ಆದಾಯ ತೆರಿಗೆಯೂ ಅದರ ಮೇಲಿನ ಸರ್‌ಚಾರ್ಜ್ ಮತ್ತು ಸೆಸ್ ಸಹ ಬೀಳುತ್ತವೆ.

ಉತ್ತರ 2: ಲೆಸ್ಟರ್‌ನಲ್ಲಿರುವ ಕನ್ನಡತಿ

ಬ್ರಿಟನ್ನಿನಲ್ಲಿ ಈ ಎರಡು ಕೆಲಸಗಳೂ ಬೇರೆ ಬೇರೆ ಕೈಯಲ್ಲಿವೆ. 1994ರಲ್ಲಿ ಆರಂಭವಾದ ನ್ಯಾಷನಲ್ ಲಾಟರಿಯನ್ನು ಮೊದಲು ಕ್ಯಾಮೆಲಾಟ್ ಕಂಪನಿ ನಡೆಸುತ್ತಿತ್ತು, 2024ರ ಫೆಬ್ರವರಿಯಿಂದ ಆಲ್ವಿನ್ ನಡೆಸುತ್ತಿದೆ. ಪರವಾನಗಿ ಕೊಡುವುದೂ ತಪಾಸಣೆ ಮಾಡುವುದೂ ಗ್ಯಾಂಬ್ಲಿಂಗ್ ಕಮಿಷನ್. 2009ರಲ್ಲಿ ಹರಿದ ಟಿಕೆಟ್ ತೋರಿಸಿದವನಿಗೆ 25 ಲಕ್ಷ ಪೌಂಡ್ ಪಾವತಿಯಾಗಿತ್ತು. ಅದು ವಂಚನೆಯಿರಬಹುದೆಂದು ಕಂಡುಬಂದ ಮೇಲೆ, ಬಹುಮಾನ ಪರಿಶೀಲನೆಯಲ್ಲಿನ ಲೋಪಕ್ಕಾಗಿ ಕಮಿಷನ್ 2016ರಲ್ಲಿ ಕ್ಯಾಮೆಲಾಟ್‌ಗೆ 30 ಲಕ್ಷ ಪೌಂಡ್ ದಂಡ ಹಾಕಿತು. ಆ ಟಿಕೆಟ್ ತಂದವನಿಗೆ 2019ರಲ್ಲಿ ಜೈಲು ಶಿಕ್ಷೆಯಾಯಿತು. ನಡೆಸುವವರೇ ತಪಾಸಣೆಯನ್ನೂ ಮಾಡುತ್ತಿದ್ದರೆ ಇಂಥ ದಂಡ ಯಾರ ಮೇಲೆ ಬೀಳುತ್ತಿತ್ತು? ಇಲ್ಲಿ ಬಹುಮಾನಕ್ಕೆ ತೆರಿಗೆಯಿಲ್ಲ. ಟಿಕೆಟ್ ಕೊಳ್ಳುವ ಕನಿಷ್ಠ ವಯಸ್ಸನ್ನು 2021ರಲ್ಲಿ 16ರಿಂದ 18ಕ್ಕೆ ಏರಿಸಿದರು.

ಉತ್ತರ 3: ತಂತ್ರಾಂಶ ಪರೀಕ್ಷಕ

ಹೊರಗಿನ ಕಣ್ಗಾವಲಿದ್ದರೂ ಒಳಗಿನವರಿಂದ ಆಗುವ ಮೋಸವೇ ಹೆಚ್ಚು ಅಪಾಯಕಾರಿ. ಅಮೆರಿಕದಲ್ಲಿ ಹಲವು ರಾಜ್ಯಗಳ ಲಾಟರಿಗೆ ನೆರವಾಗುವ ಸಂಘದ ಮಾಹಿತಿ ಭದ್ರತೆಯ ಮುಖ್ಯಸ್ಥನೇ, ಸಂಖ್ಯೆ ಆರಿಸುವ ಕಂಪ್ಯೂಟರಿನಲ್ಲಿ ವರ್ಷದ ಕೆಲವು ದಿನಗಳಂದು ಮಾತ್ರ ಊಹಿಸಬಹುದಾದ ಸಂಖ್ಯೆ ಬರುವಂತೆ ತಂತ್ರಾಂಶವನ್ನು ಅಡಗಿಸಿಟ್ಟಿದ್ದ. 2010ರ ಡಿಸೆಂಬರಿನಲ್ಲಿ ಐಯೊವಾದ ಟಿಕೆಟೊಂದಕ್ಕೆ ಬಂದ 1.65 ಕೋಟಿ ಡಾಲರ್ ಬಹುಮಾನವನ್ನು, ಕೊಂಡವರ ಹೆಸರು ಹೇಳದೆ ಪಡೆಯಲು ಯತ್ನಿಸಿದ್ದರಿಂದ ಸಂಶಯ ಹುಟ್ಟಿತು. 2017ರಲ್ಲಿ ಅವನಿಗೆ 25 ವರ್ಷಗಳವರೆಗಿನ ಶಿಕ್ಷೆಯಾಯಿತು. ಆದ್ದರಿಂದ ಜನರೆದುರು ಯಂತ್ರ ತಿರುಗಿಸಿ ಸಂಖ್ಯೆ ತೆಗೆಯುವ ಕೇರಳದ ಪದ್ಧತಿ ನನಗೆ ಹೆಚ್ಚು ಸಮಾಧಾನ ಕೊಡುತ್ತದೆ. ಆದರೂ ಅದರ ಮೇಲೆ ಬ್ರಿಟನ್ನಿನಂಥ ಪ್ರತ್ಯೇಕ ಆಯೋಗವೊಂದು ಇರಲೇಬೇಕು.

ಸುಳ್ಯದವರೇ, ಟಿಕೆಟ್ ಕೊಂಡರೆ ಅದರ ಹಿಂಬದಿಯಲ್ಲಿ ಕೂಡಲೇ ಹೆಸರು, ವಿಳಾಸ ಬರೆದು ಸಹಿ ಹಾಕಿ. ಬಹುಮಾನ ಬಂದರೆ 30 ದಿನಗಳೊಳಗೆ ಟಿಕೆಟ್ ಸಲ್ಲಿಸಬೇಕಾಗುತ್ತದೆ.