ಹೊಳೆ ಬರುವ ಮೊದಲು ಮನೆ ಮನೆ ಪಟ್ಟಿ ಮಾಡೋಣವೇ? (ಗೋಕಾಕ, ಹೊಳೆ ಕಡೆಯ ಓಣಿಗಳು)

ಮೂಲೆ ಮನೆ ಟೀಚರ್: ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮೊದಲು ಒಂದು ಕೆಲಸ ಮುಗಿಸೋಣ. ಘಟಪ್ರಭೆ ಹೊಳೆ ಬಂದರೆ ನಮ್ಮ ಬಡಾವಣೆಯಲ್ಲಿ ಯಾರಿಗೆ ಜಾಸ್ತಿ ತೊಂದರೆ ಅಂತ ಮನೆ ಮನೆಗೆ ಹೋಗಿ ಬರೆದಿಡೋಣ. ನೀರು ಎಲ್ಲಿವರೆಗೆ ಬರುತ್ತದೆ, ಬಂದರೆ ಏನೇನು ಹೋಗುತ್ತದೆ, ಸಂಸಾರ ಮತ್ತೆ ಮೊದಲಿನ ಹಾಗೆ ಆಗೋಕೆ ಎಷ್ಟು ದಿನ ಬೇಕು. ಇಷ್ಟೇ ಕೇಳೋದು.

ಕಿರಾಣಿ ಅಂಗಡಿ ಕಾಕಾ: ಸುಮ್ನೆ ಯಾಕ್ರೀ ಟೀಚರ್? 2019ರ ಆಗಸ್ಟಿನಲ್ಲಿ ಎಲ್ಲಿವರೆಗೆ ಬಂದಿತ್ತು ಅಂತ ಊರಿಗೇ ಗೊತ್ತು. ಲೋಳಸೂರ ಸೇತುವೆ ಮುಳುಗಿತು ಅಂದರೆ ಮುಂದಿನ ಸರದಿ ನಮ್ಮದು. ಪಟ್ಟಿ ಹೊರಗೆ ಹೋದರೆ ಜಾಗದ ರೇಟು ಬೀಳುತ್ತದೆ, ಅದನ್ನೂ ನೋಡಿ.

ಮೂಲೆ ಮನೆ ಟೀಚರ್: ಕಾಕಾ, ನಮ್ಮ ಓಣಿಯ ಅಕ್ಕಪಕ್ಕದ ಎರಡು ಮನೆ ನೆನಪು ಮಾಡಿಕೊಳ್ಳಿ. ಎರಡರಲ್ಲೂ ಸೊಂಟದ ಮಟ್ಟ ನೀರು. ಒಂದಕ್ಕೆ ಮಾಳಿಗೆ ಇತ್ತು. ಸಾಮಾನು ಮೇಲಿಟ್ಟರು, ಆಮೇಲೆ ಗೋಡೆ ತೊಳೆದು ಬಣ್ಣ ಹೊಡೆದರು. ಇನ್ನೊಂದು ಮಣ್ಣಿನ ಗೋಡೆಯದು, ಬಾಡಿಗೆಯವರು ಇದ್ದರು. ಹೊಲಿಗೆ ಮಷಿನ್, ಜೋಳದ ಚೀಲ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ಹೋಯಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಆಗ 5 ಲಕ್ಷ ಅಂತ ಹೇಳಿತು. ಅದು ಮನೆ ಕಟ್ಟಿಕೊಳ್ಳೋಕೆ, ಮಾಲೀಕರಿಗೆ. ಬಾಡಿಗೆಯವರು ಊರೇ ಬಿಟ್ಟರು.

ಪಂಪ್ ರಿಪೇರಿ ಅಣ್ಣ: ಮೇಲಿನ ಹಿಡಕಲ್ ಡ್ಯಾಮಿನಿಂದ ಹೊಳೆಗೆ ಎಷ್ಟು ನೀರು ಬಿಟ್ಟರು ಅಂತ ಮೊಬೈಲಿನಲ್ಲಿ ನೋಡಿಕೊಂಡರೆ ಸಾಕಲ್ವಾ?

ನಿವೃತ್ತ ಇಂಜಿನಿಯರ್: ಸಾಲದು. ಹಿಡಕಲ್‌ನಲ್ಲಿ 51 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತದೆ, ನಿಜ. ಆದರೆ ಹಿರಣ್ಯಕೇಶಿ ನದಿ ಬಂದು ಘಟಪ್ರಭೆ ಸೇರುವುದು ಡ್ಯಾಮಿನ ಕೆಳಗೆ. ಮಾರ್ಕಂಡೇಯ ನದಿ ಸೇರುವುದು ನಮ್ಮ ಗೋಕಾಕದ ಹತ್ತಿರ. ಈ ಎರಡೂ ಹಿಡಕಲ್ ಗೇಟಿನ ಲೆಕ್ಕದಲ್ಲಿ ಇರುವುದಿಲ್ಲ. ಮೂರೂ ಒಟ್ಟಿಗೆ ಬಂದ ದಿನ ನಮಗೆ ಕಷ್ಟ. 1 ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ 1 ಲಕ್ಷ ಘನ ಅಡಿ, ಒಂದು ದಿನ ಹರಿದರೆ ಸುಮಾರು 8.6 ಟಿಎಂಸಿ. ಆರು ದಿನದಲ್ಲಿ ತುಂಬಿದ ಹಿಡಕಲ್ಲೇ ಖಾಲಿಯಾಗುವಷ್ಟು ನೀರು ಅದು.

ಕಿರಾಣಿ ಅಂಗಡಿ ಕಾಕಾ: ಹಾಗಾದರೆ ತಡೆಗೋಡೆ ಕಟ್ಟಿಸಿ ಅಂತ ಅರ್ಜಿ ಕೊಡೋಣ, ಮುಗೀತು.

ಗಿರಣಿ ಅಕ್ಕ: ಗೋಡೆ ಬೇಡ ಅನ್ನುವುದಿಲ್ಲ. ಆದರೆ ನಮ್ಮ ಗಿರಣಿ ಮುಂದಿನ ಗಟಾರ ನೋಡಿದ್ದೀರಾ? ಹೊಳೆ ದಂಡೆ ದಾಟುವ ಮೊದಲೇ ಅಲ್ಲಿಂದ ನೀರು ಹಿಂದಕ್ಕೆ ಉಕ್ಕುತ್ತದೆ. ಮೊದಲು ಗುಳ್ಳೆ, ಆಮೇಲೆ ಕಪ್ಪು ನೀರು, ಅದರ ಜೊತೆ ಗುಟ್ಕಾ ಚೀಟಿ. ಅರ್ಧ ತಾಸಿನಲ್ಲಿ ಮೋಟರ್ ಬುಡಕ್ಕೆ ಬಂದಿರುತ್ತದೆ. ಗಟಾರದ ಬಾಯಿಗೆ ನೀರು ಹಿಂದಕ್ಕೆ ಬಾರದ ಹಾಗೆ ತಡೆಯುವ ವಾಲ್ವ್ ಹಾಕದೆ ಗೋಡೆ ಕಟ್ಟಿದರೆ ಆ ನೀರು ಒಳಗೇ ನಿಲ್ಲುತ್ತದೆ, ಅಷ್ಟೇ.

ಹಾಲಿನ ಕಾಕಾ: ನನ್ನ ಮನೆ ಮೊದಲು ಬರೆಯಿರಿ. ಹೊಳೆ ಬಂದಾಗ ಸರ್ಕಾರ ತೆರೆಯುವ ಕಾಳಜಿ ಕೇಂದ್ರಕ್ಕೆ ಬಾ ಅಂತಾರೆ. ಎಮ್ಮೆ ಎಲ್ಲಿ ಕಟ್ಟಲಿ? ಕಣಕಿ ಬಣವೆ ಹೊಳೆಪಾಲಾದರೆ ಏನು ಹಾಕಲಿ? ಎಮ್ಮೆ ಬಿಟ್ಟು ನಾನಂತೂ ಬರುವುದಿಲ್ಲ.

ಮೂಲೆ ಮನೆ ಟೀಚರ್: ಇದನ್ನೇ ಬರೆದಿಡಬೇಕು ಕಾಕಾ. ದನ ಇರುವ ಮನೆಯವರು ಎಲ್ಲರಿಗಿಂತ ಮೊದಲು ಹೊರಡಬೇಕು, ದನಕ್ಕೆ ಎತ್ತರದ ಜಾಗ ಈಗಲೇ ಕೇಳಿಡಬೇಕು. ಹಾಸಿಗೆ ಹಿಡಿದವರು, ಬಾಣಂತಿಯರು, ಡಯಾಲಿಸಿಸ್‌ಗೆ ಹೋಗುವವರು ಯಾರು ಅಂತಲೂ ಗೊತ್ತಿರಬೇಕು. ಒಬ್ಬರೇ ಇರುವ ಅಜ್ಜಿಯರು ನಮ್ಮ ಈ ಮೊಬೈಲ್ ಗುಂಪಿನಲ್ಲಿ ಇಲ್ಲ. ಸುದ್ದಿ ಕೊನೆಗೆ ಮುಟ್ಟುವುದು ಅವರಿಗೇ. ಅವರ ಮನೆ ಬಾಗಿಲು ಯಾರು ಬಡಿಯುತ್ತಾರೆ ಅಂತ ಹೆಸರು ಹಚ್ಚೋಣ.

ಕಿರಾಣಿ ಅಂಗಡಿ ಕಾಕಾ: ಆಯ್ತು, ಬರುತ್ತೇನೆ. ಆದರೆ ಹೆಸರಿರುವ ಹಾಳೆ ಗುಂಪಿಗೆ ಹಾಕಬೇಡಿ. ನಗರಸಭೆಗೆ ಕೊಡುವುದರಲ್ಲಿ ಓಣಿವಾರು ಲೆಕ್ಕ ಸಾಕು.

ಮೂಲೆ ಮನೆ ಟೀಚರ್: ಒಪ್ಪಿದೆ. ಭಾನುವಾರ ಬೆಳಗ್ಗೆ 7ಕ್ಕೆ ಅಂಗನವಾಡಿ ಹತ್ತಿರ ಬನ್ನಿ. ಕೊನೇ ಓಣಿಯಿಂದ ಶುರು ಮಾಡೋಣ. ಗೋಡೆ ಮೇಲೆ 2019ರ ಕಲೆ ಇನ್ನೂ ಇರುವ ಕಡೆ ಅಳತೆ ತೆಗೆಯಬೇಕು. ಟೇಪು ಯಾರ ಹತ್ತಿರ ಇದೆ?

ಪಂಪ್ ರಿಪೇರಿ ಅಣ್ಣ: ನನ್ನ ಹತ್ತಿರ ಇದೆ, ತರುತ್ತೇನೆ. ಚಹಾ ಯಾರದು?