ಬಲೆನೊ ಆರ್‌ಎಸ್ ಮೈಲೇಜ್: ಊರಲ್ಲಿ 12, ಹೈವೇಯಲ್ಲಿ 18. ನಿಮಗೆಷ್ಟು?

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಮಾರುತಿ ಬಲೆನೊ ಆರ್‌ಎಸ್ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 1 ಲೀಟರ್ ಟರ್ಬೊ ಎಂಜಿನ್, ಶಕ್ತಿ 102 ಪಿಎಸ್. ಎಆರ್‌ಎಐ (ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ) ಲೆಕ್ಕದಲ್ಲಿ ಲೀಟರಿಗೆ 21.1 ಕಿ.ಮೀ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ ಡೈರಿಯಲ್ಲಿ ಬರೆದಿಡುತ್ತೇನೆ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ದಿನಾ ಓಡಾಟ, 12 ದಾಟುವುದೇ ಇಲ್ಲ. ಹೋದ ವಾರ ಅಮ್ಮನನ್ನು ನೋಡಲು ಹಾಸನಕ್ಕೆ ಹೋಗಿದ್ದೆ. ಗಂಟೆಗೆ 90 ಕಿ.ಮೀ. ವೇಗದಲ್ಲೇ ಓಡಿಸಿದೆ, 18.4 ಬಂತು! ಒಂದೇ ಗಾಡಿ, ಇಷ್ಟು ವ್ಯತ್ಯಾಸ ಇರುತ್ತಾ?

ಉತ್ತರ 1: ಇರುತ್ತೆ ಸರ್, ಗಾಬರಿ ಬೇಡ. ಎಆರ್‌ಎಐ ಪರೀಕ್ಷೆ ನಡೆಯುವುದು ರೋಲರ್ ಮೇಲೆ, ಎಸಿ ಆಫ್ ಮಾಡಿ. ನಮ್ಮ ರಸ್ತೆ ಹಾಗಲ್ಲ ಅಲ್ವಾ? ಸಿಗ್ನಲ್‌ನಲ್ಲಿ ನಿಂತಷ್ಟು ಹೊತ್ತೂ ಪೆಟ್ರೋಲ್ ಉರಿಯುತ್ತೆ, ಕಿಲೋಮೀಟರ್ ಮಾತ್ರ ಸೊನ್ನೆ. ಜೊತೆಗೆ ಟರ್ಬೊ. ಜೋರಾಗಿ ಒತ್ತಿದಾಗ ಎಂಜಿನ್‌ಗೆ ಗಾಳಿ ಜಾಸ್ತಿ ತುಂಬುತ್ತೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೋಗುತ್ತೆ. ಮೆಲ್ಲಗೆ ಓಡಿಸಿದರೆ ಅದೇ ಎಂಜಿನ್ ಚಿಕ್ಕ ಎಂಜಿನ್ ತರಹ ಕುಡಿಯುತ್ತೆ.

ಉತ್ತರ 2: ಟೈರ್ ಗಾಳಿ ನೋಡಿದ್ರಾ?

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿ ಬಂದೆ. 26 ಪಿಎಸ್‌ಐ ಇತ್ತು, ಕಡಿಮೆ! ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುವಷ್ಟು ಹಾಕಿಸಿದೆ. ಇದೇ ದಾರಿಯಲ್ಲಿ, ಇದೇ ಬಂಕ್‌ನಲ್ಲಿ ಎರಡು ಟ್ಯಾಂಕ್ ಓಡಿಸಿ ಲೆಕ್ಕ ಹಾಕುತ್ತೇನೆ. 13 ಬಂದರೂ ನನಗೆ ಸಂತೋಷವೇ. ಮೂರನೇ ಗೇರ್‌ನಲ್ಲಿ ಈ ಗಾಡಿ ಎಳೆಯುವ ರೀತಿ ನನಗೆ ತುಂಬಾ ಇಷ್ಟ, ಅದನ್ನು ಬಿಡಲು ಮನಸ್ಸಿಲ್ಲ.

ಉತ್ತರ 1: ಬಂದ ನಂಬರ್ ಇಲ್ಲೇ ಹಾಕಿ ಸರ್, ಕಾಯ್ತೀನಿ.